ಪಕ್ಕದ ಮನೆಯ ಜೇನು

ಮಾಯಾ ಜನರ ಚುನ್‌ಹಾಬಿನ್ ಊರಿನಲ್ಲಿ ಯಾರಿಗಾದರೂ ಗುಟ್ಟು ಹೇಳಬೇಕೆಂದರೆ ಹಿಟ್ಟಿನ ಗಿರಣಿಗಿಂತ ಒಳ್ಳೆಯ ಜಾಗವಿಲ್ಲ. ಬೆಳಿಗ್ಗೆ ಗಿರಣಿ ಗುಡುಗುಡು ಎನ್ನತೊಡಗಿದರೆ ಪಕ್ಕದಲ್ಲಿ ನಿಂತವರನ್ನು ಬಿಟ್ಟು ಇನ್ನೊಬ್ಬರಿಗೆ ಏನೂ ಕೇಳುವುದಿಲ್ಲ. ಗಾಸ್ಪರ್‌ನ ಮನೆಯಲ್ಲಿ ಹೆಂಗಸರಿಲ್ಲ, ಅವನು ಮತ್ತು ಅವನ ದೊಡ್ಡಪ್ಪ ಇಬ್ಬರೇ. ಹಾಗಾಗಿ ರೊಟ್ಟಿಗೆಂದು ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಬಕೆಟ್ ಅವನೇ ಹೊತ್ತು ತರುತ್ತಿದ್ದ. ಆ ಬಕೆಟ್ ದಿನವೂ ಫಿದೇಲಿಯಾಳ ಬಕೆಟ್ಟಿನ ಹಿಂದೆಯೇ ಬಂದು ಕೂರುವುದೇಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವುದೇನಿದೆ, ಊರಿಗೆ ಕಣ್ಣಿರಲಿಲ್ಲವೇ!

"ನಿನ್ನ ಜೋಳ ಇವತ್ತೂ ಸರಿಯಾಗಿ ಬೆಂದಿಲ್ಲ," ಫಿದೇಲಿಯಾ ಅವನ ಬಕೆಟ್ಟಿಗೆ ಇಣುಕಿ ಹೇಳಿದಳು. "ಸುಣ್ಣ ಹಾಕಿದ್ಯೋ ಇಲ್ವೋ?"

"ಹಾಕಿದ್ದೆ."

"ಎಷ್ಟು?"

"ಕೈಗೆ ಬಂದಷ್ಟು. ನೀನು ಬಂದು ಹಾಕೋವರೆಗೂ ನಮ್ಮನೆ ರೊಟ್ಟಿ ಹೀಗೇ ಬಿಡು."

ಅವಳು ಮುಖವನ್ನು ಆ ಕಡೆ ತಿರುಗಿಸಿದಳು. ನಗು ತುಟಿಯಲ್ಲಿ ನಿಲ್ಲದೆ ಕೆನ್ನೆಗೆ ಏರಿತ್ತು. ಅದನ್ನು ಅವನು ನೋಡಿದ. ಅವನು ನೋಡಿದ್ದು ಅವಳಿಗೂ ಗೊತ್ತಾಯಿತು. ಹೆಗಲ ಶಾಲನ್ನು ಸರಿ ಮಾಡುವ ನೆಪದಲ್ಲಿ ಒಮ್ಮೆ ಓರೆಗಣ್ಣಿನಲ್ಲಿ ಅವನ ಕಡೆ ನೋಡಿದಳು.

ಗಿರಣಿಯ ಬೆಲ್ಟು ಜೋರಾಗಿ ತಿರುಗಿದಾಗ ಅವನು ಬಕೆಟ್ ಎತ್ತುವವನಂತೆ ಬಗ್ಗಿ ಅವಳ ಕಿವಿಯ ಬಳಿ ಬಂದ. "ಇವತ್ತು ಸಂಜೆ ಬಾಗಿಲು ಹಾಕು. ಈ ಸಲ ಕಳೆಯ ಔಷಧಿ ಅಲ್ಲ, ಹುಳದ್ದು. ಜೋರಿದೆ."

ಅವಳ ನಗು ಅಲ್ಲೇ ನಿಂತುಹೋಯಿತು.

ಫಿದೇಲಿಯಾಳ ಹಿತ್ತಲಲ್ಲಿ ಗರಿ ಹೊದಿಸಿದ ಚಪ್ಪರದ ಕೆಳಗೆ ಐದು ಪೊಳ್ಳು ಮರದ ಕೊರಡುಗಳಿದ್ದವು. ಅವುಗಳೊಳಗೆ ಜೇನಮ್ಮ. ಊರಿನ ಮಾಯಾ ಭಾಷೆಯಲ್ಲಿ ಶುನಾನ್ ಕಾಬ್. ಕುಟುಕುವುದಿಲ್ಲ, ಬೈದರೆ ಮಾತ್ರ ಬೇಜಾರು ಮಾಡಿಕೊಳ್ಳುತ್ತದೆ ಎಂದು ಅಜ್ಜಿಯರು ಹೇಳುವ ಜೇನು. ಕೊರಡಿನ ಬಾಯಿ ಒಂದು ಹುಳ ತೂರುವಷ್ಟೇ ದೊಡ್ಡದು. ಚಿಟಿಕೆ ಮೇಣ ಒತ್ತಿದರೆ ಬಾಗಿಲು ಬಂದ್. ಆ ಹಿತ್ತಲು ದಾಟಿದರೆ ಕಂಪನಿಯ ಸೋಯಾ ಹೊಲ. ಔಷಧಿ ಹೊಡೆಯುವ ಮೊದಲು ಊರಿಗೆ ತಿಳಿಸುತ್ತೇವೆಂದು ಕಂಪನಿಯವರು ಪಂಚರ ಮುಂದೆ ಮಾತು ಕೊಟ್ಟಿದ್ದರು. ಮೊದಲ ವರ್ಷ ತಿಳಿಸಿದರು. ಆಮೇಲೆ ಮೇಸ್ತ್ರಿ ಮರೆತ, ಊರೂ ಸುಮ್ಮನಾಯಿತು. ಔಷಧಿಯ ಟ್ರ್ಯಾಕ್ಟರ್ ಓಡಿಸುವವನು ಗಾಸ್ಪರ್. ಪ್ರೀತಿಸಿದವಳಿಗೆ ಅವನು ಕೊಡುತ್ತಿದ್ದ ಉಡುಗೊರೆ ಎಂದರೆ ಗಿರಣಿಯ ಸದ್ದಿನ ಈ ಒಂದು ಮಾತು.

"ಪಕ್ಕದ ಮನೆ ದೋನ್ಯಾ ಸೊಕೊರೊಗೂ ಹೇಳ್ಲಾ?"

"ಬೇಡ ಮಾರಾಯ್ತಿ! ಆಕೆ ಬಾಯಿಗೆ ಬಿದ್ರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಡಂಗುರ. ಮೇಸ್ತ್ರಿಗೆ ಗೊತ್ತಾದ್ರೆ ನನ್ನ ಕೆಲಸಕ್ಕೆ ಎಳ್ಳುನೀರು. ಭಾನುವಾರ ದೊಡ್ಡಪ್ಪ ಹೆಣ್ಣು ಕೇಳೋಕೆ ನಿಮ್ಮನೆಗೆ ಬರ್ತಾನೆ. ಅಲ್ಲೀತನಕ ಸುಮ್ನಿರು."

ಸಂಜೆ ಐದೂ ಬಾಯಿಗಳಿಗೆ ಮೇಣ ಒತ್ತಿದ ಮೇಲೆ ಅವಳು ಹಿತ್ತಲ ಕಲ್ಲುಗೋಡೆಯ ಬಳಿ ಹೋಗಿ ನಿಂತಳು. ಗೋಡೆ ಸೊಂಟದೆತ್ತರದ್ದು. ಆಚೆ, ಊರೆಲ್ಲ ಮರ್ಯಾದೆಯಿಂದ ದೋನ್ಯಾ ಎನ್ನುತ್ತಿದ್ದ ಮುದುಕಿ ಸೊಕೊರೊಳ ಚಪ್ಪರ, ಅದರ ತುಂಬ ಕೊರಡುಗಳು. ಒಂದು ಮಾತು, ಅಷ್ಟೇ. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಆ ಮನೆಯೊಳಗೆ ರಂಪ ಶುರುವಾಯಿತು.

"ಜೋಳ ಬೆಳೆಯೋ ಮಿಲ್ಪಾ ಹೊಲಾನೂ ಕಂಪನಿಗೆ ಕೊಟ್ಟು ಏನ್ ತಿಂತೀಯೋ? ಸೋಯಾ ತಿಂತೀಯಾ? ಅದು ಎಲ್ಲೋ ಇರೋ ಹಂದಿಗಳಿಗೆ ಹೋಗೋ ಬೆಳೆ ಕಣೋ!" ಅದು ಸೊಕೊರೊಳ ಸೊಸೆ ಎಲ್ಡಾ. ಫಿದೇಲಿಯಾಳ ಜೊತೆ ಶಾಲೆಗೆ ಹೋದವಳು, ಜೀವದ ಗೆಳತಿ.

"ಮೆತ್ತಗೆ ಮಾತಾಡು," ಎಂದ ಗಂಡ ರೂಫಿನೊ.

"ಮೆತ್ತಗೆ ಮಾತಾಡಿ ಮಾತಾಡಿ ಸಾಕಾಯ್ತು!" ಮಡಕೆಯೊಂದು ಅಂಗಳಕ್ಕೆ ಹಾರಿ ಬಂದು ಚೂರಾಯಿತು.

"ಅಯ್ಯೋ, ಜೇನಮ್ಮನ ಮುಂದೆ ಬಾಯಿ ಮಾಡ್ಬೇಡ್ವೇ!" ಸೊಕೊರೊ ಕೂಗಿದಳು.

ಬೆಂಕಿ ಹತ್ತಿದ ಮನೆಗೆ ಈಗ ಹೋಗುವುದು ಬೇಡ, ಆಮೇಲೆ ಹೇಳಿದರಾಯಿತು ಎಂದುಕೊಂಡು ಫಿದೇಲಿಯಾ ಹಿಂದಿರುಗಿದಳು. ನಿಜ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ಸಮಾಧಾನವಾಗಿತ್ತು. ಹೇಳದಿರಲು ಒಂದು ನೆಪ ಸಿಕ್ಕಿತ್ತು. ಆ 'ಆಮೇಲೆ' ಬರಲೇ ಇಲ್ಲ.

ಮರುದಿನ ಟ್ರ್ಯಾಕ್ಟರ್ ಓಡಾಡಿತು. ಗಾಳಿ ಊರಿನ ಕಡೆಗೇ ಬೀಸಿತು. ಮೂರನೆಯ ದಿನದ ಹೊತ್ತಿಗೆ ಸೊಕೊರೊಳ ಚಪ್ಪರದ ನೆಲವೆಲ್ಲ ಸತ್ತ ಜೇನು. ಕೊರಡಿಗೆ ಕಿವಿಯಿಟ್ಟರೆ ಒಳಗೆ ಸದ್ದೇ ಇಲ್ಲ. ಮುದುಕಿ ಅವನ್ನು ಅಂಗೈಯಿಂದ ಬಳಿದು, ತನ್ನ ಕಸೂತಿಯ ಬಿಳಿ ಬಟ್ಟೆಯಲ್ಲಿ ಸುತ್ತಿ, ಹಿರಿಯರು ಮಾಡುತ್ತಿದ್ದಂತೆ ಮರದ ಬುಡದಲ್ಲಿ ಗುಂಡಿ ತೆಗೆದು ಮಣ್ಣು ಮಾಡಿದಳು. ಮಗಳನ್ನು ಕಳೆದುಕೊಂಡವಳ ಹಾಗೆ ಅತ್ತಳು. ನೆರೆಹೊರೆಯವರೆಲ್ಲ ಸೇರಿದ್ದರು.

"ಔಷಧಿ ಇರಬಹುದೇನೋ ದೋನ್ಯಾ," ಯಾರೋ ಅಂದರು.

ಸೊಕೊರೊ ಕಣ್ಣೊರೆಸಿಕೊಂಡು ಗೋಡೆಯಾಚೆ ಕೈ ತೋರಿಸಿದಳು. "ಔಷಧಿ ಆಗಿದ್ರೆ ಗಾಳಿಗೆ ಈ ಗೋಡೆ ಅಡ್ಡ ಬರುತ್ತಾ? ಅಲ್ಲಿ ನೋಡಿ, ಫಿದೇಲಿಯಾಳದ್ದು ಹೇಗೆ ಹಾರಾಡ್ತಿವೆ! ಒಂದಾದ್ರೂ ಸತ್ತಿದ್ಯಾ? ಜಗಳ ಆಡೋ ಮನೇಲಿ ಜೇನಮ್ಮ ಇರಲ್ಲ. ನನ್ನ ಅಮ್ಮ ಹೇಳಿದ್ಲು, ಅವಳಮ್ಮ ಹೇಳಿದ್ಲು. ನನ್ನ ಮನೆ ಹಾಳು ಮಾಡಿದವಳು ಇವಳು!"

ಎಲ್ಲರ ಕಣ್ಣೂ ಎಲ್ಡಾಳ ಮೇಲೆ ಬಿತ್ತು. ಅಂದು ನಸುಕಿನಲ್ಲಷ್ಟೇ ಫಿದೇಲಿಯಾ ಮೇಣ ಕಿತ್ತು ತನ್ನ ಜೇನನ್ನು ಹೊರಗೆ ಬಿಟ್ಟಿದ್ದಳು.

"ಫಿದೇಲಿಯಾ, ನೀನಾದ್ರೂ ಹೇಳೇ," ಎಲ್ಡಾ ಅವಳ ಮುಖ ನೋಡಿದಳು. "ನಾನು ದಿನಾ ಜಗಳ ಆಡೋಳಾ? ಒಂದು ದಿನ ಕಣೇ. ಒಂದೇ ದಿನ."

"ಇಲ್ಲ, ಅವಳು ದಿನಾ ಆಡೋಳಲ್ಲ," ಎಂದಳು ಫಿದೇಲಿಯಾ. ಅದಕ್ಕಿಂತ ಹೆಚ್ಚು ಒಂದಕ್ಷರ ಬರಲಿಲ್ಲ.

ಸಂಜೆಯೊಳಗೆ ಎಲ್ಡಾಳ ಬಟ್ಟೆಗಂಟು ಅಂಗಳದಲ್ಲಿತ್ತು. ರೂಫಿನೊ ಅಮ್ಮನ ಮುಂದೆ ತಲೆ ತಗ್ಗಿಸಿ ಕೂತಿದ್ದ. ಎಲ್ಡಾ ಗಂಟನ್ನು ಎತ್ತಿಕೊಂಡು ಸಾಕ್‌ಪಿಚ್‌ನ ತನ್ನ ತವರಿನ ದಾರಿ ಹಿಡಿದಳು. ಹಿಂದಿರುಗಿ ನೋಡಲಿಲ್ಲ.

ಮಾರನೆಯ ದಿನ ಮಿಲ್ಪಾದ ಹೊಲದಲ್ಲಿ, ಜೋಳ, ಹುರುಳಿಕಾಯಿ, ಕುಂಬಳ ಒಂದರ ಮೈಗೊಂದು ಬಿದ್ದು ಬೆಳೆದಿದ್ದ ಕಡೆ, ಗಾಸ್ಪರ್ ಬಂದ. ಎಂದಿನಂತೆ ಹಿಂದಿನಿಂದ ಬಂದು ಅವಳ ಟೋಪಿಯನ್ನು ಮೂಗಿನ ತನಕ ಎಳೆದ. ಅವಳು ನಗಲಿಲ್ಲ. ಟೋಪಿಯನ್ನು ಸರಿಮಾಡಿಕೊಳ್ಳಲೂ ಇಲ್ಲ.

"ಏನಾಯ್ತು?"

"ಏನಾಯ್ತು ಅಂತ ಕೇಳ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ?" ಟೋಪಿಯ ಕೆಳಗಿಂದ ದನಿ ಬಂತು. "ಈ ಕುಂಬಳ ನೋಡು. ಹೂವು ಬಿಡುತ್ತೆ, ಕಾಯಿ ಕಟ್ಟಲ್ಲ. ಹೂವಿಂದ ಹೂವಿಗೆ ಹೋಗೋಕೆ ಹುಳ ಎಲ್ಲಿ ಉಳಿದಿದೆ? ನಿನ್ನೆ ಹೊಲದಂಚಲ್ಲಿ ಕಾಡುಕೋಳಿ ಸತ್ತು ಬಿದ್ದಿತ್ತು. ಎಲ್ಡಾ ಮನೆ ಬಿಟ್ಟು ಹೋದಳು. ಯಾರಿಂದ? ಜಗಳದಿಂದಾನಾ?"

ಅವನು ಬದುವಿನ ಮೇಲೆ ಕುಸಿದು ಕೂತ. "ನಾನು ಹೊಡೀದಿದ್ರೆ ಇನ್ನೊಬ್ಬ ಹೊಡೀತಿದ್ದ. ಆ ಇನ್ನೊಬ್ಬ ನಿನಗೆ ಹೇಳ್ತಿದ್ನಾ?"

"ನಂದೊಂದು ಉಳಿಸಿಕೊಟ್ಟೆ, ಹೌದು. ನಂದು ಉಳಿದಿದ್ದಕ್ಕೇ ಎಲ್ಡಾ ಮೇಲೆ ತಪ್ಪು ಬಂತು. ನನ್ನ ಜೇನೇ ಅವಳ ವಿರುದ್ಧ ಸಾಕ್ಷಿ ಆಯ್ತಲ್ಲೋ!" ಅವಳು ಟೋಪಿ ಕಿತ್ತು ಅವನ ಮಡಿಲಿಗೆ ಎಸೆದಳು. ಕಣ್ಣು ಕೆಂಪಗಿದ್ದವು. "ಹೇಳಿಬಿಡೋಣ."

"ಭಾನುವಾರ ಕಳೀಲಿ, ಫಿದೇ. ಮದುವೆ ಆಗ್ಲಿ. ಆಮೇಲೆ ನೀನು ಹೇಳಿದ ಹಾಗೆ."

"ಅವಳು ಅಲ್ಲಿ ಅಳ್ತಿರಬೇಕಾದ್ರೆ ನಾನಿಲ್ಲಿ ಮದುವೆ ಉಡುಪು ಹೊಲೀಬೇಕಾ?"

"ದೊಡ್ಡಪ್ಪ ಜಮೀನನ್ನ ಕಂಪನಿಗೆ ಗುತ್ತಿಗೆ ಕೊಟ್ಟಿದ್ದಾನೆ. ವಿಷಯ ಹೊರಗೆ ಬಂದ್ರೆ ನನ್ನನ್ನ ಮನೆಯಿಂದ ಓಡಿಸ್ತಾನೆ. ಕೆಲಸಾನೂ ಹೋಗುತ್ತೆ. ಮನೆ ಇಲ್ಲದೋನಿಗೆ ನಿಮ್ಮಮ್ಮ ಹೆಣ್ಣು ಕೊಡ್ತಾಳಾ?" ಅವನು ಮಡಿಲ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಿನ್ನ ಕಳ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ ಕಣೇ."

ಅವಳಿಗೂ ಆಗುತ್ತಿರಲಿಲ್ಲ. ಅವನ ತಲೆಯನ್ನು ಎದೆಗೊತ್ತಿಕೊಂಡು ಅತ್ತುಬಿಡಬೇಕೆನಿಸಿತು. ಆದರೆ ಅವನ ಅಂಗಿಯಿಂದ ಆ ಔಷಧಿಯ ವಾಸನೆ ಬರುತ್ತಿತ್ತು. ಅವಳು ಎದ್ದು ಬುಟ್ಟಿ ತಲೆಗೇರಿಸಿಕೊಂಡು ನಡೆದಳು.

ಭಾನುವಾರ ಬಂತು. ಗಾಸ್ಪರ್‌ನ ದೊಡ್ಡಪ್ಪ ದೋನ್ ಪೊನ್ಸಿಯಾನೊ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಚಾಕೊಲೆಟ್ ಉಂಡೆ, ಸಿಹಿ ಬ್ರೆಡ್ಡು, ಒಂದು ಬಾಟಲಿ ರಮ್ಮು ಇದ್ದ ಬುಟ್ಟಿ ಹಿಡಿದು ಬಂದ. ಹಿಂದೆ ಗಾಸ್ಪರ್, ಕೂದಲಿಗೆ ಎಣ್ಣೆ ಹಾಕಿ ಬಾಚಿದ್ದ. ಫಿದೇಲಿಯಾಳ ತಾಯಿ ಬೆನಿತಾ ನೆರೆಹೊರೆಯ ಹಿರಿಯರನ್ನೆಲ್ಲ ಕರೆದಿದ್ದಳು. ದೋನ್ಯಾ ಸೊಕೊರೊ ದುಃಖದಲ್ಲೂ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಬುಟ್ಟಿಯನ್ನು ಹುಡುಗಿಯ ತಾಯಿ ತೆಗೆದುಕೊಂಡರೆ ಮಾತು ಮುಗಿದಂತೆ.

ಬಾಗಿಲ ಬಳಿ ನಿಂತ ಗಾಸ್ಪರ್ ಫಿದೇಲಿಯಾಳನ್ನು ನೋಡಿದ. ಒಂದೇ ಒಂದು ನೋಟ. ದಯವಿಟ್ಟು ಎನ್ನುವ ಹಾಗಿತ್ತು ಅದು. ಎಷ್ಟು ಚೆಂದ ಕಾಣುತ್ತಿದ್ದ, ಪಾಪಿ!

ಬೆನಿತಾ ಬುಟ್ಟಿಗೆ ಕೈ ಚಾಚಿದಳು.

"ಅಮ್ಮ, ತಗೋಬೇಡ," ಎಂದಳು ಫಿದೇಲಿಯಾ.

ಬೆನಿತಾ ಚಾಚಿದ ಕೈಯನ್ನು ಹಿಂದೆಗೆದುಕೊಂಡಳು.

"ದೋನ್ಯಾ ಸೊಕೊರೊ, ನಿಮ್ಮ ಜೇನು ಸತ್ತಿದ್ದು ಎಲ್ಡಾಳ ಜಗಳದಿಂದ ಅಲ್ಲ. ಹೊಲಕ್ಕೆ ಹೊಡೆದ ಔಷಧಿಯಿಂದ. ನನಗೆ ಮೊದಲೇ ಗೊತ್ತಿತ್ತು. ನಾನು ನನ್ನ ಜೇನನ್ನ ಬಾಗಿಲು ಹಾಕಿ ಉಳಿಸ್ಕೊಂಡೆ. ಗೋಡೆ ತನಕ ಬಂದೆ, ನಿಮಗೆ ಹೇಳಲಿಲ್ಲ. ಎಲ್ಡಾನ ಮನೆಯಿಂದ ಕಳಿಸಿದಾಗಲೂ ಹೇಳಲಿಲ್ಲ."

ಯಾರು ತಿಳಿಸಿದರೆಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಟ್ರ್ಯಾಕ್ಟರ್ ಓಡಿಸುವವನು ಎದುರಿಗೇ ನಿಂತಿದ್ದ.

ಹೆಂಗಸರು ಒಮ್ಮೆಗೇ ಮಾತಾಡತೊಡಗಿದರು. "ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ? ನಿನ್ನ ಹೊಟ್ಟೆಗೆ ಅನ್ನ ಹೇಗೆ ಸೇರ್ತು?" ಬೆನಿತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಪೊನ್ಸಿಯಾನೊ ಬುಟ್ಟಿಯನ್ನು ಎತ್ತಿಕೊಂಡು ಎದ್ದ. ಮುಖ ಕಪ್ಪಿಟ್ಟಿತ್ತು. "ಗಾಸ್ಪರ್, ಈ ಹುಡುಗಿ ಸುಳ್ಳು ಹೇಳ್ತಿದ್ದಾಳೆ ಅಂತ ಹೇಳು. ಹೇಳಿ ಮನೆಗೆ ನಡಿ. ಬೇರೆ ಹೆಣ್ಣು ನೋಡೋಣ."

ಗಾಸ್ಪರ್ ದೊಡ್ಡಪ್ಪನನ್ನು ನೋಡಿದ, ಸೊಕೊರೊಳನ್ನು ನೋಡಿದ. ಫಿದೇಲಿಯಾಳನ್ನು ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಅವಳು ಅವನನ್ನೇ ನೋಡುತ್ತಿದ್ದಳು. ಇವನು ಈಗ ಇಲ್ಲ ಅಂದುಬಿಟ್ಟರೆ ತನ್ನ ಮಾತು ಬಿದ್ದುಹೋಗುತ್ತದೆ, ಎಲ್ಡಾಳ ಬದುಕೂ ಬಿದ್ದುಹೋಗುತ್ತದೆ, ಮತ್ತೆ ಈ ಜನ್ಮದಲ್ಲಿ ಇವನ ಮುಖ ನೋಡಲು ತನ್ನಿಂದಾಗದು.

"ಅವಳು ಹೇಳಿದ್ದು ನಿಜ," ಎಂದ ಗಾಸ್ಪರ್. "ಔಷಧಿ ಹೊಡೆದಿದ್ದು ನಾನೇ. ಗಾಳಿ ಊರ ಕಡೆ ಇತ್ತು, ನನಗೆ ಗೊತ್ತಿತ್ತು. ಇವತ್ತು ಬೇಡ ಅಂತ ಮೇಸ್ತ್ರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಇವಳೊಬ್ಬಳಿಗೇ ಹೇಳಿದೆ. ಬೇರೆ ಯಾರಿಗೂ ಹೇಳಬೇಡ ಅಂದಿದ್ದೂ ನಾನೇ, ದೋನ್ಯಾ."

ಪೊನ್ಸಿಯಾನೊ ಬಾಗಿಲು ದಾಟುವಾಗ ಹಿಂದಿರುಗದೆ ಅಂದ, "ನೀನು ಮಲಗೋ ಜೋಲಿ, ಬಟ್ಟೆ ಬೇಲಿ ಮೇಲೆ ಹಾಕಿರ್ತೀನಿ. ತಗೊಂಡು ಹೋಗು."

ಸೊಕೊರೊ ಎದ್ದು, ಇಬ್ಬರನ್ನೂ ದಾಟಿ ಹೊರಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಮನೆಗೂ ಹೋಗದೆ ಸೀದಾ ಸಾಕ್‌ಪಿಚ್‌ನ ದಾರಿ ಹಿಡಿದಳೆಂದು ಆಮೇಲೆ ಗೊತ್ತಾಯಿತು. ಬಿಸಿಲಿನಲ್ಲಿ ಅಷ್ಟು ದೂರ ನಡೆದು ಸೊಸೆಯ ಮುಂದೆ ಕೈಮುಗಿದು ನಿಂತಳಂತೆ. ಎಲ್ಡಾ ಬರಲಿಲ್ಲ.

ಮರುದಿನ ಗಾಸ್ಪರ್ ಪಂಚರ ಜೊತೆ ಪಟ್ಟಣಕ್ಕೆ ಹೋಗಿ ಅಧಿಕಾರಿಗಳೆದುರು ಎಲ್ಲವನ್ನೂ ಹೇಳಿ ಬಂದ. ಕೆಲಸ ಹೋಯಿತು. ಊರ ಪಕ್ಕದ ಜಮೀನನ್ನು ಇನ್ನು ಕಂಪನಿಗೆ ಕೊಡಬಾರದೆಂದು ಹೆಂಗಸರು, ಕೊಟ್ಟೇ ಕೊಡುತ್ತೇವೆಂದು ಕೆಲವು ಗಂಡಸರು ಪಂಚರ ಕಟ್ಟೆಯಲ್ಲಿ ಜಗಳಕ್ಕೆ ನಿಂತರು. ಆ ಜಗಳ ಇನ್ನೂ ಮುಗಿದಿಲ್ಲ.

ಅಂದು ಸಂಜೆ, ಜೇನು ಗೂಡು ಸೇರಿದ ಮೇಲೆ, ಫಿದೇಲಿಯಾ ಸೊಕೊರೊಗೆ ಕೊಡಲೆಂದು ತನ್ನ ಕೊರಡುಗಳಲ್ಲಿ ಒಳ್ಳೆಯದೊಂದನ್ನು ಹಗ್ಗದಿಂದ ಬಿಗಿದಳು. ಒಬ್ಬಳೇ ಎತ್ತಲು ನೋಡಿದಳು, ಆಗಲಿಲ್ಲ. ಇನ್ನೊಂದು ತುದಿ ತಾನಾಗಿ ಮೇಲೆದ್ದಿತು. ನೋಡಿದರೆ ಗಾಸ್ಪರ್.

"ನಿನ್ನನ್ನ ಯಾರು ಕರೆದ್ರು?"

"ಯಾರೂ ಇಲ್ಲ. ಮೆತ್ತಗೆ ಮಾತಾಡು, ಒಳಗೆ ಜೇನಿದೆ."

ಹುಳಗಳು ಒಳಗೆ ಮೇಣದಿಂದ ಕಟ್ಟಿದ ಪುಟ್ಟ ಜೇನಿನ ಗಡಿಗೆಗಳು ಒಡೆಯದಂತೆ ಬೀದಿ ಸುತ್ತಿ ಹೆಜ್ಜೆ ಮೇಲೆ ಹೆಜ್ಜೆಯಿಡಬೇಕು. ಜಗಳವಂತೂ ಕೂಡದು. ಆದರೆ ಇಬ್ಬರಿಗೂ ಆಡಬೇಕಾದ ಜಗಳ ಬಾಕಿಯಿತ್ತು. ಹಾಗಾಗಿ ಪಿಸುಮಾತಿನಲ್ಲೇ ಜಗಳವಾಡಿದರು.

"ಎಲ್ಲರ ಮುಂದೆ ಹೇಳಿಬಿಟ್ಟೆಯಲ್ಲ, ಒಂದು ಮಾತು ಹೇಳದೆ," ಅವನು ಪಿಸುಗುಟ್ಟಿದ.

"ಹೇಳಿದ್ದೆ. ಹೊಲದಲ್ಲಿ ಹೇಳಿದ್ದೆ. ನೀನು ಭಾನುವಾರ ಭಾನುವಾರ ಅಂದೆ," ಅವಳೂ ಪಿಸುಗುಟ್ಟಿದಳು.

"ಹೆದರಿಕೆ ಆಗಿತ್ತು ಕಣೇ."

"ನನಗೆ ಆಗಿರಲಿಲ್ವಾ? ಎಡಗಡೆ ಕಲ್ಲಿದೆ, ನೋಡ್ಕೊಂಡು."

"ನೋಡಿದೆ. ನನ್ನ ಮೇಲೆ ಅಸಹ್ಯ ಆಗ್ತಿದ್ಯಾ?"

ಅವಳು ಕಲ್ಲು ದಾಟಿ ಹಗ್ಗವನ್ನು ಬಿಗಿಯಾಗಿ ಹಿಡಿದಳು. "ಆಗಿತ್ತು. ನಿನ್ನೆ ನೀನು ಇಲ್ಲ ಅಂದಿದ್ರೆ ಸಾಯೋವರೆಗೂ ಆಗ್ತಿತ್ತು. ಕೋಪ ಇದೆ. ನಿನ್ನ ಮೇಲೂ ಇದೆ, ನನ್ನ ಮೇಲೂ ಇದೆ."

"ದೊಡ್ಡಪ್ಪ ಇನ್ನು ಬರಲ್ಲ, ಫಿದೇ. ನಿನ್ನ ಕೇಳೋಕೆ ನನ್ನ ಕಡೆ ಹಿರಿಯರು ಅಂತ ಯಾರೂ ಇಲ್ಲ."

"ಬಾಯಿ ಇಲ್ವಾ ನಿನಗೆ? ನೀನೇ ಕೇಳು."

"ಇಲ್ಲೇನಾ? ಹೀಗಾ?"

"ಹೀಗೇ. ಮೆತ್ತಗೆ."

ಕೊರಡಿನ ಆ ತುದಿಯಿಂದ ಅವನು ಕೇಳಿದ. ಬೀದಿಯಲ್ಲಿ ಹೋಗುವವರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, ನನ್ನ ಮದುವೆ ಆಗ್ತೀಯಾ ಅಂತ. ಅವಳ ಕೈಯಲ್ಲಿ ಭಾರವಿತ್ತು, ಕಣ್ಣೀರು ಒರೆಸಿಕೊಳ್ಳುವಂತಿರಲಿಲ್ಲ, ಅದು ಇಳಿಯುತ್ತಲೇ ಇತ್ತು.

"ಆಗ್ತೀನಿ. ನಿನ್ನ ಬಿಟ್ಟು ನನಗೆ ಇರೋಕಾಗಲ್ಲ, ಅದು ನಿನಗೂ ಗೊತ್ತು. ಆದ್ರೆ ಎಲ್ಡಾ ತಿರುಗಿ ನಮ್ಮ ಜೊತೆ ಮಾತಾಡೋವರೆಗೂ ಇಲ್ಲ."

"ಅವಳು ಮಾತಾಡದೇ ಹೋದ್ರೆ?"

"ಮಾತಾಡೋವರೆಗೂ ಹೋಗ್ತಾ ಇರೋಣ. ಇಬ್ಬರೂ."

ಸೊಕೊರೊ ಅಂಗಳದಲ್ಲಿ ಕೂತು ಹುರುಳಿಕಾಯಿ ಸುಲಿಯುತ್ತಿದ್ದಳು. ಎದ್ದು ಬಂದು ಚಪ್ಪರದ ಜಾಗ ತೋರಿಸಿದಳು. ಕೊರಡನ್ನು ಇಳಿಸಿದ ಮೇಲೆ ಅದಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿದಳು. ಒಳಗಿನ ಗುಂಯ್‌ಗುಡುವಿಕೆ ಕೇಳಿ ಕೊರಡನ್ನು ಮೆಲ್ಲಗೆ ಸವರಿದಳು. "ನಿಮ್ಮನ್ನ ಕ್ಷಮಿಸೋಳು ನಾನಲ್ಲ. ಅವಳಿಗೆ ನಾನೂ ಅನ್ಯಾಯ ಮಾಡಿದೀನಿ," ಎಂದಳು. ಗಾಸ್ಪರ್‌ನ ಕಡೆ ತಿರುಗಿ, "ಮಲಗೋಕೆ ಜಾಗ ಇಲ್ವಂತಲ್ಲ. ಹಿಂದಿನ ಗುಡಿಸಲಲ್ಲಿ ಜೋಲಿ ಕಟ್ಕೋ. ನನ್ನ ಕಣ್ಣ ಮುಂದೇ ಇರು," ಎಂದು ಹುರುಳಿಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಸಾಕ್‌ಪಿಚ್‌ನಲ್ಲಿ ಎಲ್ಡಾಳ ತವರಿನ ಬಾಗಿಲು ಮೊದಲ ಸಲ ಮುಖಕ್ಕೆ ಹೊಡೆದ ಹಾಗೆ ಮುಚ್ಚಿಕೊಂಡಿತು. ಇಬ್ಬರೂ ಬಿಸಿಲಲ್ಲಿ ಕೂತರು, ಹೊತ್ತಿಳಿದ ಮೇಲೆ ನಡೆದು ವಾಪಸ್ ಬಂದರು. ಮಾರನೆಯ ದಿನ ಮತ್ತೆ ಹೋದರು. ಅಂದು ಎಲ್ಡಾ ಅಂಗಳದಲ್ಲೇ ಬಟ್ಟೆ ಒಗೆಯುತ್ತಿದ್ದಳು, ಇವರಿಬ್ಬರೂ ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. ಫಿದೇಲಿಯಾ ಹೇಳಬೇಕಾದ್ದನ್ನೆಲ್ಲ ಅವಳ ಬೆನ್ನಿಗೇ ಹೇಳಿದಳು.

"ನಾನು ಗೋಡೆ ತನಕ ಬಂದಿದ್ದೆ ಎಲ್ಡಾ. ಹೇಳಬಹುದಿತ್ತು. ಅವತ್ತು ನೀನು ನನ್ನ ಮುಖ ನೋಡಿ ಕೇಳಿದಾಗಲೂ ಹೇಳಬಹುದಿತ್ತು. ಇವನನ್ನ ಕಳ್ಕೋತೀನಿ ಅಂತ ನಿನ್ನನ್ನ ಕಳ್ಕೊಂಡೆ."

ಬಟ್ಟೆ ಹಿಂಡುತ್ತಿದ್ದ ಕೈ ಒಮ್ಮೆ ನಿಂತಿತು, ಮತ್ತೆ ಹಿಂಡಿತು.

ಆಮೇಲೆ ಎಷ್ಟು ಸಲ ಹೋದರೋ, ಲೆಕ್ಕವಿಡಲಿಲ್ಲ. ದಾರಿಯಲ್ಲಿ ಅವನು ತಮಾಷೆ ಮಾಡಲು ನೋಡುತ್ತಿದ್ದ, ಅವಳು ಕೆಲವೊಮ್ಮೆ ನಗುತ್ತಿದ್ದಳು. ಒಂದು ದಿನ ಸುಡುಬಿಸಿಲಿನಲ್ಲಿ ಬಾಗಿಲ ಮುಂದೆ ಕೂತಿದ್ದಾಗ ಎಲ್ಡಾ ಹೊರಗೆ ಬಂದಳು. ಕೈಯಲ್ಲಿ ಒಂದು ಲೋಟ ನೀರು. ಇಬ್ಬರ ನಡುವೆ ನೆಲದ ಮೇಲಿಟ್ಟಳು.

"ಒಂದೇ ಲೋಟ," ಎಂದಳು. "ಇನ್ನೊಂದು ಕೊಡೋಕೆ ಮನಸ್ಸು ಬರ್ತಿಲ್ಲ."

ಗಾಸ್ಪರ್ ಲೋಟವನ್ನು ಫಿದೇಲಿಯಾಳ ಕಡೆ ಸರಿಸಿದ. ಅವಳು ಅರ್ಧ ಕುಡಿದು ಅವನಿಗೆ ಕೊಟ್ಟಳು. ಅವಳ ತುಟಿ ತಾಕಿದ ಕಡೆಯಿಂದಲೇ ಅವನು ಕುಡಿದ. ಎಲ್ಡಾ ಅದನ್ನು ನೋಡಿದಳು. ಎಷ್ಟೋ ದಿನದ ಮೇಲೆ ಅವಳ ಹುಬ್ಬು ಹಳೆಯ ಗೆಳತಿಯ ಹುಬ್ಬಿನ ಹಾಗೆ ಒಂದಿಷ್ಟು ಮೇಲೇರಿತು.

"ನಾಳೆನೂ ಬರ್ತೀರಾ?"

"ಬರ್ತೀವಿ," ಎಂದಳು ಫಿದೇಲಿಯಾ.

"ಬನ್ನಿ," ಎಂದು ಎಲ್ಡಾ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ.